ಚಿತ್ರ ಮುಂದೆ, ಮಾತು ಹಿಂದೆ

"ನಿಮ್ಮ ಸೌಂಡ್ ತಪ್ಪಿದೆ," ಎಂದಳು ಅವಳು, ಅವನಿನ್ನೂ ಬಾಗಿಲಲ್ಲಿ ಚಪ್ಪಲಿ ಬಿಡುತ್ತಿರುವಾಗಲೇ.

"ಬಂದವರಿಗೆ ಕೂತ್ಕೊಳ್ಳಿ ಅನ್ನೋ ಪದ್ಧತಿ ಈ ಆಫೀಸಲ್ಲಿ ಇಲ್ವಾ?"

"ಕೂತ್ಕೊಳ್ಳಿ. ಸೌಂಡ್ ತಪ್ಪಿದೆ."

ಅವನು ಕುಳಿತ. ಸಿನಿಮಾ ಕೆಲಸದವರ ನಡುವೆ ಅವನನ್ನು 'ಕಿವಿ' ಎಂದೇ ಕರೆಯುವುದು. ಧ್ವನಿಮುದ್ರಣ ಅವನ ಕಸುಬು. ಕುತ್ತಿಗೆಯಲ್ಲಿ ಹೆಡ್‌ಫೋನ್ ಇಲ್ಲದೆ ಅವನನ್ನು ಕಂಡವರಿಲ್ಲ. ಅವಳ ಗಂಡ ಕ್ಯಾಮೆರಾ ಹಿಡಿದ ಕಡೆಯೆಲ್ಲ ಇವನು ಮೈಕ್ ಹಿಡಿದಿದ್ದ. ಒಡಹುಟ್ಟಿದವರಲ್ಲ, ಆದರೂ ಇವನ ಬಾಯಲ್ಲಿ ಆತ ಅಣ್ಣ, ಅವಳು ಅತ್ತಿಗೆ.

ಹೋದ ವರ್ಷ ಜ್ವರವೆಂದು ಮಲಗಿದ ಅಣ್ಣ ಏಳಲಿಲ್ಲ. ಕೊಟ್ಟವನೇ ಕರೆದುಕೊಂಡ, ಯಾಕೆಂದು ಯಾರನ್ನು ಕೇಳುವುದು? ಅಂದಿನಿಂದ ಇವನು ಮನೆಯ ಕಡೆ ಬರುವುದು ಅಪರೂಪವಾಯಿತು. ಬಂದಾಗಲೂ 'ಅತ್ತಿಗೆ' ಎನ್ನುತ್ತಿರಲಿಲ್ಲ. ಏನೂ ಎನ್ನುತ್ತಿರಲಿಲ್ಲ. 'ಇದು ತಗೊಳ್ಳಿ', 'ಬರ್ತೀನಿ' — ಎಲ್ಲವೂ ತಲೆಯಿಲ್ಲದ ಮಾತುಗಳು.

ಅವಳು ಅದನ್ನು ಗಮನಿಸಿದ್ದಳು. ಅಣ್ಣ ಇದ್ದಷ್ಟು ದಿನ ಅತ್ತಿಗೆ, ಅಣ್ಣ ಹೋದಮೇಲೆ ಯಾರೋ ಎಂದು ತನ್ನಷ್ಟಕ್ಕೆ ಲೆಕ್ಕ ಮುಗಿಸಿದ್ದಳು. ಮನೆಯಲ್ಲಿ ಅತ್ತೆ ಅವಳನ್ನು 'ಮಗಳೇ' ಎನ್ನುತ್ತಿದ್ದರು. ಆಫೀಸಿನಲ್ಲಿ ಎಲ್ಲರಿಗೂ ಅವಳು ಮೇಡಂ. ಮೆಟ್ಟಿಲ ಕೆಳಗಿನಿಂದಲೇ ಹೆಸರು ಹಿಡಿದು ಕೂಗಿ, ಅವಳು ಒಳಗಿನಿಂದ 'ಓ' ಎನ್ನುವವರೆಗೂ ಬಿಡದಿದ್ದವನು ಗಂಡ ಒಬ್ಬನೇ. ಈಗ ಆ ಹೆಸರನ್ನು ಕರೆಯುವವರಿಲ್ಲ. ಓಗೊಡುವ ಕೆಲಸವೂ ಇಲ್ಲ.

ಅವಳ ಕಸುಬು ಸಿನಿಮಾವನ್ನು ಬ್ಲೂ-ರೇ ಡಿಸ್ಕಿಗೆ ಸಿದ್ಧಪಡಿಸುವುದು. ಬೆಟ್ಟದಂಥ ಫೈಲನ್ನು ಅಂದ ಕೆಡದಂತೆ ಕುಗ್ಗಿಸಬೇಕು. ಚಿತ್ರವನ್ನು ಒಂದು ಫೈಲು, ಶಬ್ದವನ್ನು ಇನ್ನೊಂದು ಫೈಲು ಮಾಡಿ, ಡಿಸ್ಕ್ ಕಟ್ಟುವ ಸಾಫ್ಟ್‌ವೇರಿಗೆ ಒಪ್ಪಿಸಬೇಕು. ಅದು ಎರಡನ್ನೂ ಮತ್ತೆ ಜೋಡಿಸುತ್ತದೆ. ಆ ಸಾಫ್ಟ್‌ವೇರ್ ಕಥೆಗಳಲ್ಲಿ ಬರುವ ಅತ್ತೆಯ ಹಾಗೆ. ಸೊಸೆ ಏನು ಬಡಿಸಿದರೂ ಒಂದು ಕೊಂಕು ತೆಗೆಯದೆ ಉಣ್ಣುವುದಿಲ್ಲ. ಈ ಸಲ ಮಾತಿಲ್ಲದೆ ನುಂಗಿತ್ತು. ಅವಳು ಆಗಲೇ ಅನುಮಾನ ಪಡಬೇಕಿತ್ತು.

ಸಿನಿಮಾ ಅವಳ ಗಂಡನ ಕೊನೆಯದು. ಮುದುಕ ಬಡಗಿಯೊಬ್ಬ ದೋಣಿ ಕಟ್ಟಿ ನೀರಿಗಿಳಿಸುವ ಕಥೆ. ಸಂಜೆಯೊಳಗೆ ಅದು ಡಿಸ್ಕ್ ಅಚ್ಚು ಹಾಕುವವರ ಕೈ ಸೇರಬೇಕು. ನಾಳೆ ಬೆಳಿಗ್ಗೆ ಕಿವಿಯೂ ಹೊರಡುತ್ತಾನೆ, ಸಮುದ್ರದ ಸದ್ದು ದಾಖಲಿಸುವ ಹಡಗಿನಲ್ಲಿ, ಎರಡು ವರ್ಷಕ್ಕೆ. ಅದನ್ನು ಅವನು ಅತ್ತೆಗೆ ಫೋನ್ ಮಾಡಿ ಹೇಳಿದ್ದ. ಅವಳಿಗೆ ಹೇಳಿರಲಿಲ್ಲ.

"ನೋಡಿ," ಎಂದು ಅವಳು ಮೊದಲ ದೃಶ್ಯ ಹಾಕಿದಳು. ಬಡಗಿಯ ಕೊಡತಿ ಹಲಗೆಗೆ ಬಿತ್ತು. ಟಕ್. ಸರಿಯಾಗಿಯೇ ಇತ್ತು. ಆಮೇಲೆ ಕೊನೆಯ ಭಾಗ ಹಾಕಿದಳು. ಕೊಡತಿ ಬಿತ್ತು, ಮೇಲೆದ್ದಿತು, ಮುದುಕ ಬೆವರು ಒರೆಸಿಕೊಂಡ. ಆಗ ಕೇಳಿಸಿತು, ಟಕ್. ದೋಣಿ ನೀರಿಗಿಳಿಯಿತು. ಪರದೆ ಕಪ್ಪಾಯಿತು. ಆ ಕಪ್ಪಿನೊಳಗಿನಿಂದ ಗಂಡನ ದನಿ: "ಸಾಕು. ಬನ್ನಿ, ಮನೆಗೆ ಹೋಗೋಣ."

ಅವಳು ಪರದೆಯ ಕಡೆ ನೋಡುತ್ತಿರಲಿಲ್ಲ. ಅವನನ್ನೇ ನೋಡುತ್ತಿದ್ದಳು.

"ಕತ್ತಲಲ್ಲಿ ಅವರ ಮಾತು ಯಾಕೆ ಇಟ್ರಿ? ಒಂದು ಮಾತು ಹೇಳ್ಬಾರದಿತ್ತಾ? ನಿನ್ನೆ ಒಬ್ಳೇ ಕೂತು ಕೇಳಿದೆ. ನನಗೆ ಹೇಗಾಗಿರಬೇಡ!"

"ನಾನು ಕತ್ತಲಲ್ಲಿ ಇಟ್ಟಿಲ್ಲ."

"ಮತ್ತೆ ಅದು ತಾನಾಗಿ ಬಂತಾ?"

ಅವನು ಕಣ್ಣು ಮುಚ್ಚಿ ಇನ್ನೊಮ್ಮೆ ಕೇಳಿದ. ಕೇಳುವಾಗ ಅವನ ಹುಬ್ಬುಗಳ ನಡುವೆ ಒಂದು ಗೆರೆ ಮೂಡುತ್ತಿತ್ತು. ಆ ಗೆರೆಯನ್ನು ಮರೆತಿದ್ದೇನೆಂದು ಅವಳು ತಿಳಿದಿದ್ದಳು.

"ನೀವು ಈ ಸಿನಿಮಾ ಪೂರ್ತಿ ನೋಡಿಲ್ಲ," ಎಂದ ಅವನು ಮೆಲ್ಲಗೆ.

"ಎನ್‌ಕೋಡ್ ಮಾಡೋಕೆ ನೋಡ್ಲೇಬೇಕು ಅಂತ ಎಲ್ಲಿ ಬರೆದಿದೆ?"

"ಬೇರೆಯವರ ಸಿನಿಮಾ ಒಂದೊಂದು ಫ್ರೇಮೂ ನೋಡ್ತೀರಿ. ಅಣ್ಣ ಅದನ್ನೇ ಹೇಳ್ಕೊಂಡು ಮೆರೀತಿದ್ರು."

ನಿಜ. ಈ ಕೆಲಸ ನಡೆಯುವಾಗ ಅವಳು ಮಾನಿಟರನ್ನು ಗೋಡೆಯ ಕಡೆ ತಿರುಗಿಸಿಟ್ಟಿದ್ದಳು. ಪರೀಕ್ಷೆಗೆಂದು ಅಲ್ಲಲ್ಲಿ ಇಣುಕಿದ್ದಳು, ಅಷ್ಟೆ.

"ನಿಮ್ಮ ಫೈಲಲ್ಲಿ ಸೆಕೆಂಡಿಗೆ ಎಷ್ಟು ಫ್ರೇಮು?"

"ಇಪ್ಪತ್ನಾಲ್ಕು."

"ಸರಿಯಾಗಿ ಇಪ್ಪತ್ನಾಲ್ಕಾ?"

ಅವಳು ಸೆಟ್ಟಿಂಗ್ ತೆರೆದು ನೋಡಿದಳು. ಗಂಡನ ಕ್ಯಾಮೆರಾ ಇಪ್ಪತ್ನಾಲ್ಕಕ್ಕಿಂತ ಕೂದಲೆಳೆಯಷ್ಟು ಕಡಿಮೆ ಓಡುತ್ತಿತ್ತು. ಅವಳು ಹಿಂದಿನ ಕೆಲಸದ ಸೆಟ್ಟಿಂಗನ್ನೇ ಕಣ್ಣುಮುಚ್ಚಿ ಹಾಕಿಬಿಟ್ಟಿದ್ದಳು. ಡಿಸ್ಕಿಗೆ ಎರಡು ವೇಗವೂ ಸಮ್ಮತ. ಅದಕ್ಕೇ ಸಾಫ್ಟ್‌ವೇರ್ ತುಟಿ ಬಿಚ್ಚಲಿಲ್ಲ. ಚಿತ್ರ ತುಸು ಬೇಗ ಓಡಿತು, ಶಬ್ದ ತನ್ನ ನಡಿಗೆಯಲ್ಲೇ ಬಂತು. ಒಂದು ನಿಮಿಷಕ್ಕೆ ಯಾರಿಗೂ ತಿಳಿಯದ ಅಂತರ ಒಂದು ಗಂಟೆಯ ಹೊತ್ತಿಗೆ ಮೂರೂವರೆ ಸೆಕೆಂಡಾಗಿತ್ತು.

"ತಪ್ಪು ನಂದು," ಎಂದಳು. "ಸುಮ್ನೆ ನಿಮ್ಮ ಮೇಲೆ ಹಾರಾಡ್ದೆ."

"ಹಾರಾಡೋಕಾದ್ರೂ ಕರೆಸಿದ್ರಲ್ಲ." ಅವನು ಕೇಬಲ್ಲೊಂದನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದ. "ಚಿತ್ರ ಮುಂದೆ ಹೋಗಿದೆ, ಮಾತು ಹಿಂದೆ ಬಿದ್ದಿದೆ. ಅಷ್ಟೆ. ಕೆಲವರಿಗೂ ಹಾಗೆ ಆಗುತ್ತೆ. ಕಣ್ಣು ಯಾವತ್ತೋ ಕಂಡಿದ್ದು ಬಾಯಿಗೆ ಬರೋಕೆ ಹೊತ್ತಾಗುತ್ತೆ."

ಅವಳು ತಿರುಗಿ ನೋಡಿದಳು. ಅವನು ಕೇಬಲ್ಲನ್ನೇ ನೋಡುತ್ತಿದ್ದ. ಆದರೆ ಹೆಡ್‌ಫೋನಿನ ಕೆಳಗೆ ಅವನ ಕುತ್ತಿಗೆ ಕೆಂಪಾಗಿತ್ತು.

ವೇಗ ಸರಿಪಡಿಸಿ ಅವಳು ಕೆಲಸವನ್ನು ಮೊದಲಿನಿಂದ ಹಚ್ಚಿದಳು. ಈ ಸಲ ಮಾನಿಟರ್ ಅವಳ ಕಡೆಗೇ ಇತ್ತು. ಕಂಪ್ಯೂಟರಿನ ಫ್ಯಾನು ಮಾತ್ರ ಏದುಸಿರು ಬಿಡುತ್ತಿತ್ತು.

ಮಧ್ಯಾಹ್ನ ಅತ್ತೆ ಊಟದ ಡಬ್ಬಿ ಹಿಡಿದು ಮೆಟ್ಟಿಲೇರಿ ಬಂದರು. ಮಂಡಿ ನೋವು, ಪ್ರತಿ ಮೆಟ್ಟಿಲಿಗೂ ಒಂದು 'ದೇವರೇ'. ಒಳಗೆ ಬಂದವರೇ ಇಬ್ಬರ ಮುಖ ನೋಡಿದರು.

"ಏನೋ ಕಿವಿ, ಇಲ್ಲಿ ಯಾರಾದ್ರೂ ಪರೀಕ್ಷೆ ಬರೀತಿದ್ದಾರೇನೋ? ಇಷ್ಟೊಂದು ಮೌನ!"

"ಕೆಲಸ ಆಗ್ತಿದೆ, ಅಮ್ಮ."

"ಕೆಲಸ ಕಂಪ್ಯೂಟರ್ ಮಾಡ್ತಿದೆ. ನೀನೇನು ಮಾಡ್ತಿದ್ದೀಯ? ಡಬ್ಬಿ ಬಿಚ್ಚು. ಇವಳಿಗೆ ಊಟಕ್ಕೆ ಬಾ ಅನ್ನು."

ಅವನು ಡಬ್ಬಿ ಬಿಚ್ಚಿದ. ಅವಳ ಕಡೆ ತಿರುಗಿದ. "ಊಟ ರೆಡಿ ಇದೆ," ಎಂದ ಗಾಳಿಗೆ.

"ಯಾರಿಗೆ ಹೇಳ್ದೆ? ಗೋಡೆಗಾ?" ಅತ್ತೆ ಕುರ್ಚಿಯಲ್ಲಿ ಕುಳಿತರು. "ವರ್ಷದಿಂದ ನೋಡ್ತಿದ್ದೀನಿ. ಅತ್ತಿಗೆ, ಅತ್ತಿಗೆ ಅಂತ ಬಾಯಿ ನೋಯೋ ಹಾಗೆ ಕರೀತಿದ್ದವನು ಈಗ ಯಾಕೆ ಕರೆಯಲ್ಲ? ಇವಳು ರಾತ್ರಿಯೆಲ್ಲ ಅದನ್ನೇ ನೆನೆದು ಕೊರಗ್ತಾಳೆ. ನನ್ನ ಹತ್ರ ಹೇಳಲ್ಲ. ಆದರೆ ನನಗೂ ಕಿವಿ ಇದೆ."

"ಅತ್ತೆ, ಸುಮ್ನಿರಿ," ಎಂದಳು ಅವಳು.

"ಅವನು ನಾಳೆ ಹೋಗ್ತಾನೆ, ಮಗಳೇ. ಸುಮ್ನಿರೋಕೆ ಎರಡು ವರ್ಷ ಇದೆ."

ಅವನು ಡಬ್ಬಿಯ ಮುಚ್ಚಳವನ್ನು ಮೇಜಿನ ಮೇಲಿಟ್ಟ.

"ಆ ಮಾತು ಈಗ ಬಾಯಿಗೆ ಬರಲ್ಲ, ಅಮ್ಮ. ಬಂದ್ರೂ ಸುಳ್ಳಾಗುತ್ತೆ. ಅತ್ತಿಗೆ ಅಂತ ಕರೆದು, ಮನಸ್ಸಲ್ಲಿ ಬೇರೆ ಇಟ್ಕೊಂಡ್ರೆ, ಅಣ್ಣನಿಗೂ ಮೋಸ, ಇವರಿಗೂ ಮೋಸ. ಅದಕ್ಕೇ ಏನೂ ಕರೀಲಿಲ್ಲ. ಅದಕ್ಕೇ ಹಡಗು."

ಅವಳ ಕಿವಿಗೆ ಕೊಡತಿಯ ಏಟು ಈಗ ಬಂದು ಮುಟ್ಟಿತು. ವರ್ಷವಿಡೀ ಅವಳು ಕಣ್ಣಲ್ಲಿ ಕಂಡಿದ್ದಕ್ಕೆ ಸದ್ದು ಬಂದದ್ದು ಇವತ್ತು. ಸಂತೋಷವಾಯಿತು, ಸಂತೋಷವಾಯಿತಲ್ಲ ಎಂದು ಅದರ ಹಿಂದೆಯೇ ಭಯವೂ ಆಯಿತು. ಅವಳು ಅತ್ತೆಯ ಮುಖ ನೋಡಲಾರದೆ ತನ್ನ ಉಗುರು ನೋಡಿಕೊಂಡಳು.

ಅತ್ತೆಯ ಕಣ್ಣು ತುಂಬಿತ್ತು. ಕೇಳಿದವರು ಅವರೇ, ಆದರೂ ಕೇಳಿಸಿಕೊಳ್ಳುವುದು ಸುಲಭವಲ್ಲ.

"ನನಗೆ ಇದು ಖುಷಿಯ ಮಾತಲ್ಲ ಕಣೋ," ಎಂದರು ಕೊನೆಗೆ. "ಆ ಜಾಗದಲ್ಲಿ ನನ್ನ ಮಗ ಇದ್ದ. ದಿನಾ ದೇವರ ಮುಂದೆ ಕೂತು ಜಗಳ ಆಡ್ತೀನಿ, ಈ ಮುದುಕೀನ ಬಿಟ್ಟು ಅವನನ್ನ ಯಾಕೆ ಕರ್ಕೊಂಡೆ ಅಂತ. ಉತ್ತರ ಬಂದಿಲ್ಲ. ಆದ್ರೆ ಇವಳನ್ನೂ ಕಲ್ಲು ಮಾಡಿ ಕೂರಿಸು ಅಂತ ಆ ದೇವರೂ ಹೇಳಿಲ್ಲ." ಸೆರಗಿನಿಂದ ಮೂಗು ಒರೆಸಿಕೊಂಡರು. "ಕಿವಿ ಅಂತ ಹೆಸರಿಟ್ಟೋರು ಜಾಣರು. ಬಾಯಿ ಇಲ್ವೇ ಇಲ್ಲ ನಿನಗೆ."

ಅವಳಿಗೆ ಅಳುವಿನ ನಡುವೆ ನಗು ಬಂತು.

ಅಷ್ಟರಲ್ಲಿ ಕೆಲಸ ಮುಗಿದ ಸೂಚನೆ ಮೂಡಿತು. ಹೊಸ ಫೈಲನ್ನು ಜೋಡಿಸಿ, ಮೂವರೂ ಕೊನೆಯ ಭಾಗ ನೋಡಿದರು. ಕೊಡತಿ ಬಿತ್ತು, ಟಕ್, ಅದೇ ಗಳಿಗೆಗೆ. ದೋಣಿ ನೀರಿಗಿಳಿಯಿತು. ಕ್ಯಾಮೆರಾ ನಿಧಾನ ಪಕ್ಕಕ್ಕೆ ಹೊರಳಿತು. ಮರದ ಚಕ್ಕೆಗಳ ರಾಶಿಯ ಮೇಲೆ ಮೈಕ್ ಹಿಡಿದು ಕುಳಿತ ಕಿವಿ, ಪಕ್ಕದಲ್ಲಿ ಕೊಡತಿ ಕೆಳಗಿಟ್ಟ ಮುದುಕ. ಲೆನ್ಸಿನ ಮುಂದೆ ಗಂಡನ ಕೈ ಬಂತು, ಬೆಳಕಿನಲ್ಲೇ, ಜೊತೆಗೆ ದನಿ: "ಸಾಕು. ಬನ್ನಿ, ಮನೆಗೆ ಹೋಗೋಣ." ಇಬ್ಬರೂ ನಕ್ಕು ಎದ್ದರು. ಆಮೇಲೆ ಕಪ್ಪು.

ಈ ಸಲ ಕತ್ತಲೊಳಗೆ ಯಾರೂ ಮಾತಾಡಲಿಲ್ಲ.

ಅತ್ತೆ ಪರದೆಯನ್ನು ಮುಟ್ಟಿ ಕೈ ಕಣ್ಣಿಗೊತ್ತಿಕೊಂಡರು. "ಮುಖ ತೊಳ್ಕೊಂಡು ಬರ್ತೀನಿ," ಎಂದು ಹೊರಗೆ ಹೋದರು.

"ಹಡಗು ಬಿಡೋಕಾಗಲ್ಲ," ಎಂದ ಅವನು. "ಮಾತು ಕೊಟ್ಟಿದ್ದೀನಿ."

"ಬಿಡಿ ಅಂತ ಹೇಳ್ಲಿಲ್ಲ. ನನಗೂ ಹೊತ್ತು ಬೇಕು. ಅವರ ಸಿನಿಮಾ ಇವತ್ತು ತಾನೇ ನೋಡ್ದೆ." ಅವಳು ಡಿಸ್ಕಿನ ಫೈಲುಗಳನ್ನು ಡ್ರೈವಿಗೆ ಹಾಕಿ, ಅವನ ಕೈಗಿಟ್ಟಳು. ಬೆರಳು ತಾಗಿತು, ಇಬ್ಬರೂ ಬೇಗ ತೆಗೆಯಲಿಲ್ಲ. "ಹೋಗ್ತಾ ಅಚ್ಚಿನವರಿಗೆ ಕೊಟ್ಬಿಡಿ."

ಅವನು ಚಪ್ಪಲಿ ಮೆಟ್ಟಿದ. ಮೆಟ್ಟಿಲಿಳಿಯುವ ಸದ್ದು ಕೇಳಿಸಿತು. ಅರ್ಧಕ್ಕೆ ನಿಂತು, ಮತ್ತೆ ಇಳಿಯಿತು. ಅವಳು ಕುರ್ಚಿಯ ಹಿಡಿ ಬಿಗಿಯಾಗಿ ಹಿಡಿದು ಕುಳಿತಳು.

ಮೆಟ್ಟಿಲ ಕೆಳಗಿನಿಂದ ಅವನು ಅವಳ ಹೆಸರು ಹಿಡಿದು ಕರೆದ. ಮುಂದೆ ಏನೂ ಇಲ್ಲ, ಹಿಂದೆ ಏನೂ ಇಲ್ಲ, ಬರೀ ಹೆಸರು. ಹೊಸ ಬಾಯಿಯಲ್ಲಿ ಅದು ಸ್ವಲ್ಪ ತೊದಲಿತು.

ನೀರಿನ ನಲ್ಲಿಯ ಬಳಿ ಅತ್ತೆಯೂ ತಿರುಗಿ ನಿಂತರು.

ಅವಳು ತಡಮಾಡಲಿಲ್ಲ.

"ಓ," ಎಂದಳು.