ಬಚ್ಚಲ ಗೋಡೆಯೊಳಗಿನ ಹಲಗೆ

"ಅಕ್ಕಾ, ಇದನ್ನ ಯಾರು ಮಾಡಿದ್ರೋ ಅವರ ಕೈ ಮುರೀಬೇಕು ನಾನು!"

ಮಲೀಕಾ ಚಿಕ್ಕಜಾಜೂರಿನ ಖಾನಾವಳಿಗೆ ನುಗ್ಗಿದಾಗ ಮರುಳಸಿದ್ದಮ್ಮ ರೊಟ್ಟಿ ತಟ್ಟುತ್ತಿದ್ದರು.

"ಮೊದ್ಲು ಕುಂತ್ಕ. ಕೈ ಯಾರದು ಅಂತ ಗೊತ್ತಾಗ್ಲಿ, ಆಮೇಲೆ ಮುರಿಯಾಣ."

ಮಲೀಕಾಳ ಅಣ್ಣ ಫಾಜಿಲ್ ಟೈಲ್ಸ್ ಕೆಲಸದವನು. ಹೊಳಲ್ಕೆರೆಯ ಪರಮೇಶ್ವರಪ್ಪನ ಮಹಡಿ ಬಚ್ಚಲಿಗೆ ಇಟ್ಟಿಗೆ ಭಾರವಾಗುತ್ತದೆಂದು, ಕಬ್ಬಿಣದ ಚೌಕಟ್ಟಿಗೆ ಸಿಮೆಂಟ್ ಬೋರ್ಡ್ ಬಿಗಿದು ಅದರ ಮೇಲೆ ಟೈಲ್ಸ್ ಅಂಟಿಸಿದ್ದ. ಮಂಡಿನೋವಿನ ಪರಮೇಶ್ವರಪ್ಪ ಷವರಿನ ಕೆಳಗೆ ಹಿಡಿಕಂಬಿಗೆ ಮೈಭಾರ ಬಿಟ್ಟಿದ್ದೇ ತಡ, ಕಂಬಿ ಕಿತ್ತು ಬಂದಿತ್ತು, ತೊಡೆಮೂಳೆ ಮುರಿದಿತ್ತು. ದೂರು ಫಾಜಿಲ್ ಮೇಲೆ. ಸಂಜೆಯೊಳಗೆ ಅವನು ಠಾಣೆಗೆ ಹಾಜರಾಗಬೇಕಿತ್ತು. ಒಮ್ಮೆ ಒಳಗೆ ಹೋದರೆ ಆ ಸೀಮೆಯಲ್ಲಿ ಮತ್ತೆ ಅವನನ್ನು ಕೆಲಸಕ್ಕೆ ಕರೆಯುವವರಿರಲಿಲ್ಲ.

ಇಂಥ ಗಂಟು ಬಿಡಿಸಲು ಮರುಳಸಿದ್ದಮ್ಮ ಹೊರಟಾಗಲೆಲ್ಲ ಮಲೀಕಾ ಹೊಲಿಗೆ ಮಿಷಿನ್ ಬಿಟ್ಟು ಜೊತೆಗೆ ಹೋಗುತ್ತಿದ್ದಳು. ಈ ಸಲ ಮಾತ್ರ ಅವಳಿಗೆ ಸತ್ಯಕ್ಕಿಂತ ಸೇಡು ಬೇಕಾಗಿತ್ತು.

ಪರಮೇಶ್ವರಪ್ಪನ ಮನೆಗೆ ಹೋದಾಗ ಫಾಜಿಲ್ ಅಲ್ಲೇ ಇದ್ದ. ಬಚ್ಚಲ ಗೋಡೆಯ ಹಿಂಬದಿ ಒಂದು ಸಾಮಾನು ಕೋಣೆ. ಅಲ್ಲಿ ಪ್ಲಂಬರ್ ತಿಪ್ಪೇಶ್ ಚೌಕಟ್ಟಿನ ಹಿಂಬದಿ ಮುಚ್ಚಿದ್ದ ಪ್ಲೈವುಡ್ ಬಿಚ್ಚಿ ತೋರಿಸಿದ. ಒಳಗೆ ಬರೀ ಪೊಳ್ಳು.

"ಬೋರ್ಡು ಒಂದೇ ಭಾರ ತಡೆಯಲ್ಲ ಅಂತ, ಕಂಬಿ ಬರೋ ಜಾಗಕ್ಕೆ ಹಿಂದಿನಿಂದ ದಪ್ಪ ಹಲಗೆ ಬಿಗಿದಿದ್ದೆ ಅಕ್ಕಾ," ಎಂದ ಫಾಜಿಲ್. "ಶುಕ್ರವಾರ ನಮಾಜಿಗೆ ಹೋಗಿ ಬರೋದ್ರೊಳಗೆ ತಿಪ್ಪೇಶಣ್ಣ ಪ್ಲೈವುಡ್ ಹೊಡೆದು ಮುಚ್ಚಿಬಿಟ್ಟಿದ್ದ."

"ನಾ ಮುಚ್ಚುವಾಗ ಯಾವ ಹಲಗೇನೂ ಇರ್ಲಿಲ್ಲ ಕಣಮ್ಮ."

"ಕಂಬಿ ಕೂರಿಸಿದ್ದೂ ನೀನೇ. ಡ್ರಿಲ್ ಪೊಳ್ಳಿಗೆ ಹೋಗಿದ್ದು ತಿಳೀಲಿಲ್ವಾ?" ಎಂದರು ಮರುಳಸಿದ್ದಮ್ಮ.

"ತಿಳೀತು. ಬೋರ್ಡೇ ಗಟ್ಟಿ ಐತಲ್ಲ ಅಂದ್ಕಂಡೆ."

"ಲೇ ಸೋಮಾರಿ! ನಿನ್ನ ಭಾವಮೈದನಿಗೆ ಈ ಟೈಲ್ಸ್ ಕೆಲಸ ಸಿಗ್ಲಿಲ್ಲ ಅಂತ ನೀನೇ ಕಿತ್ತಿದೀಯ!" ಮಲೀಕಾ ಅವನ ಅಂಗಿಗೇ ಕೈ ಹಾಕಿದಳು.

ಮರುಳಸಿದ್ದಮ್ಮ ಅವಳನ್ನು ಹಿಂದಕ್ಕೆ ಸರಿಸಿ ಚೌಕಟ್ಟಿಗೆ ಮುಖವಿಟ್ಟು ನೋಡಿದರು. ಸ್ಕ್ರೂ ತೂತುಗಳು ಹರಿದಿರಲಿಲ್ಲ. ಅವುಗಳ ಪಕ್ಕ, ಎರಡೂ ಕೊನೆಯಲ್ಲಿ, ಒಣಗಿದ ಹಳದಿ ಬಣ್ಣ ಸವರಿದಂತಿತ್ತು.

"ಹಲಗೆ ಎಲ್ಲೀದಪ್ಪಾ?"

"ಯಜಮಾನ್ರೇ ಕೊಟ್ಟಿದ್ದು. ಕೆಡವಿದ ಹಳೇ ಮನೆ ಬಾಗ್ಲಂದು."

ಅಷ್ಟರಲ್ಲಿ ಪರಮೇಶ್ವರಪ್ಪನ ತಂಗಿ ಮೀನಾಕ್ಷಿ ಟೀ ತಂದರು. ಮದುವೆಯಾಗದೆ ಅಣ್ಣನ ಮನೆಯಲ್ಲೇ ಉಳಿದಿದ್ದವರು. "ನಾನಂತೂ ಈ ಕೋಣೆಗೆ ಕಾಲೇ ಇಟ್ಟಿಲ್ಲ," ಎಂದರು, ಯಾರೂ ಕೇಳದಿದ್ದರೂ.

ಮರುಳಸಿದ್ದಮ್ಮ ಎಲ್ಲರನ್ನೂ ಪರಮೇಶ್ವರಪ್ಪನ ಮಂಚದ ಸುತ್ತ ಸೇರಿಸಿದರು.

"ಫಾಜಿಲ್ ಹಲಗೆ ಬಿಗಿದಿದ್ದು ನಿಜ, ಸ್ಕ್ರೂ ಹೋದ ತೂತು ಸುಳ್ಳು ಹೇಳಲ್ಲ. ತಿಪ್ಪೇಶ ಕಿತ್ತಿದ್ರೆ ಸುತ್ತಿಗೇಲಿ ಹೊಡೆದು ಕೀಳ್ತಿದ್ದ. ಇವನಿಗೆಲ್ಲಿ ಅಷ್ಟು ತಾಳ್ಮೆ? ಬಿಚ್ಚಿದೋರು ಮರಕ್ಕೆ ನೋವಾಗದಂಗೆ ಬಿಚ್ಚವ್ರೆ. ಅದಕ್ಕೆ ಮುಂಚೆ ಅರಿಶಿನ ಹಚ್ಚವ್ರೆ, ಚೌಕಟ್ಟಿಗೂ ತಗಲೈತೆ. ಕದಿಯೋಕೆ ಬಂದೋರು ಯಾರಾದ್ರೂ ಪೂಜೆ ಮಾಡ್ತಾರಾ? ಪರಮೇಶ್ವರಪ್ಪಾ, ಬಾಗ್ಲಂದು ಅಂದ್ರೆ ಅದರ ಯಾವ ಭಾಗ ಕೊಟ್ರಿ?"

"ಹೊಸಿಲು," ಪರಮೇಶ್ವರಪ್ಪನ ದನಿ ಇಳಿಯಿತು. "ಗಟ್ಟಿ ತೇಗ. ವೇಸ್ಟ್ ಆಗದು ಬ್ಯಾಡ ಅಂತ..."

"ನಿಮ್ಮ ತಾಯಿ ಶುಕ್ರವಾರ ಶುಕ್ರವಾರ ಪೂಜೆ ಮಾಡಿದ ಹೊಸಿಲನ್ನ ಬಚ್ಚಲ ಗೋಡೆಗೆ ಕೊಟ್ರಿ. ಈ ಮನೇಲಿ ಈಗ ಆ ಪೂಜೆ ಮಾಡೋರು ಒಬ್ರೇ. ತೆಗೆದ ಮೇಲೆ ಅದನ್ನ ಒಲೆಗೆ ಹಾಕಂಗಿಲ್ಲ, ತಿಪ್ಪೆಗೆ ಎಸೆಯಂಗಿಲ್ಲ. ಉಳಿಯೋದು ಒಂದೇ ಜಾಗ."

ಅವರು ದೇವರ ಕೋಣೆಗೆ ಹೋಗಿ, ಲಿಂಗದ ಪೀಠಕ್ಕೆ ಹೊದಿಸಿದ್ದ ಬಟ್ಟೆ ಸರಿಸಿದರು. ಅರಿಶಿನ ಮೆತ್ತಿದ ತೇಗದ ತುಂಡಿನಲ್ಲಿ ಹೊಸ ಸ್ಕ್ರೂ ತೂತುಗಳು ಬಾಯಿ ತೆರೆದಿದ್ದವು.

ಮೀನಾಕ್ಷಿ ಅಳಲಿಲ್ಲ. "ಹೌದು, ನಾನೇ. ಟೈಲ್ಸಿನವನು ನಮಾಜಿಗೆ ಹೋದಾಗ, ಕಂಬಿ ನಿಲ್ಲಲ್ಲ ಅಂತ ಗೊತ್ತಿದ್ದೇ ತೆಗೆದೆ. ನಮ್ಮವ್ವ ಹಣೆ ಹಚ್ಚಿದ ಮರಕ್ಕೆ ಬಚ್ಚಲ ನೀರು ಕುಡಿಸೋಕೆ ಹೊರಟಿದ್ದ ನಮ್ಮಣ್ಣ. ಬೀಳ್ಲಿ ಅಂದೆ. ಬಿದ್ದ."

"ಮನೆ ಮಾತು," ಪರಮೇಶ್ವರಪ್ಪ ತೊದಲಿದ. "ಕಂಪ್ಲೇಂಟ್ ವಾಪಸ್ ತಗಂತೀನಿ. ಇಲ್ಲೇ ಮುಗಿಸಾಣ."

ಮುರಿಯಬೇಕೆಂದಿದ್ದ ಕೈಗಳು ಮಲೀಕಾಳ ಎದುರಿಗೇ ಇದ್ದವು. ಅಡುಗೆ ಮಾಡಿ ಸವೆದ, ಹಳದಿ ಉಗುರಿನ ಕೈಗಳು. ಅವಳ ಸಿಟ್ಟು ಇಳಿಯಲಿಲ್ಲ, ದಾರಿ ಬದಲಿಸಿತು.

"ನಿಮ್ಮವ್ವನ ಸೇಡು ನೀವು ತೀರಿಸ್ಕಂಡ್ರಿ, ಅದು ನಿಮ್ಮಣ್ಣಂಗೂ ನಿಮಗೂ ಬಿಟ್ಟಿದ್ದು. ನಮ್ಮಣ್ಣನ ತಲೆಗೆ ಕಟ್ಟುವಾಗ ಟೀ ಕಾಸ್ತಾ ಕುಂತಿದ್ರಲ್ಲ, ಅದರ ಲೆಕ್ಕ ನಂದು. ಚಪ್ಪಲಿ ಹಾಕ್ರಿ. ಈಗ ಹೇಳಿದ್ದನ್ನ ಠಾಣೇಲಿ ಹೇಳ್ರಿ."

ಮೀನಾಕ್ಷಿ ಮರುಳಸಿದ್ದಮ್ಮನ ಕಡೆ ನೋಡಿದರು.

"ನನ್ನ ಯಾಕೆ ನೋಡ್ತೀಯವ್ವ? ಅವಳು ಕಡಿಮೇನೇ ಕೇಳಿದ್ಲು."

ಬಜಾರಿನ ಬೀದಿಯಲ್ಲಿ ಮೀನಾಕ್ಷಿ ಮುಂದೆ ನಡೆದರು. ಮಲೀಕಾ ಅವರ ಪಕ್ಕದಲ್ಲಿ ಬರಲಿಲ್ಲ. ತಿರುಗಿ ಹೋಗಲು ಜಾಗವಿಲ್ಲದಂತೆ ಹಿಂದೆಯೇ, ಠಾಣೆಯ ಮೆಟ್ಟಿಲವರೆಗೂ ನಡೆದಳು.