ಹಳದಿ ಪೊಟ್ಟಣ

ಕಂಪ್ಯೂಟರುಗಳ ನಡುವೆ ಡೇಟಾ ಸಾಗಿಸುವ ಸ್ವಿಚ್ ಯಂತ್ರದ ನೆತ್ತಿಯ ಮೇಲಿದ್ದ ಹಸಿರು ಪೊಟ್ಟಣ ತೆಗೆದು, ಯೂಲಾನ್ ಅಲ್ಲಿ ಹಳದಿಯದನ್ನು ಇಟ್ಟಳು. ಅದೂ ಎಂಥದ್ದು, ತಿನ್ನುವ ತಾರೀಖು ಮೀರಿದ್ದು.

ಶಿಂಜು ನಗರದ ಡೇಟಾ ಸೆಂಟರುಗಳಲ್ಲಿ ಯಾರೂ ಮಾಡದ ಕೆಲಸ ಅದು. ಪೊಟ್ಟಣದೊಳಗಿನ ಜೋಳದ ಕುರುಕಲಿನ ಹೆಸರೇ ‘ಜಾಣಮರಿ’ ಎಂದು. ಹಸಿರು ಪೊಟ್ಟಣ ಇಟ್ಟರೆ ಯಂತ್ರ ಹಸಿರು ದೀಪ ಹಚ್ಚಿಕೊಂಡು ತೆಪ್ಪಗಿರುತ್ತದೆ, ಹಳದಿ ಇಟ್ಟರೆ ಹಟ ಹಿಡಿಯುತ್ತದೆ ಎಂದು ಪಿಎಚ್‌ಡಿ ಮಾಡಿದವರೂ ನಂಬುತ್ತಾರೆ.

ಹಟ ಹಿಡಿಯಲಿ. ಇವತ್ತಿನ ಪ್ರದರ್ಶನದಲ್ಲಿ ಗ್ರಾಹಕರ ಎದುರು ಬೋಶಿಯಾಂಗನ ಮುಖ ಹುಳ್ಳಗಾಗಲಿ.

ಸ್ವಿಚ್ಚುಗಳ ನಡುವೆ ಹತ್ತಾರು ದಾರಿಗಳಿದ್ದರೂ ಡೇಟಾ ಒಂದರಲ್ಲೇ ಕಿಕ್ಕಿರಿಯುತ್ತಿತ್ತು. ಖಾಲಿ ದಾರಿ ನೋಡಿ ಅತ್ತ ಕಳಿಸುವ ಉಪಾಯ ಯೂಲಾನಳದು. ಬೀಫ್ ನೂಡಲ್ಸ್ ತಿನ್ನುತ್ತಾ, ಪ್ರೀತಿಸಿದವನಲ್ಲವೇ ಎಂದು ಬೋಶಿಯಾಂಗನಿಗೆ ಹೇಳಿದ್ದಳು. ಅಮ್ಮನ ಆಪರೇಷನ್ನಿಗೆಂದು ಅವಳು ರಜೆ ಹಾಕಿದಾಗ, ಅವನು ಅದನ್ನು ತನ್ನದೆಂದು ಒಪ್ಪಿಸಿ ಟೀಮಿನ ಮುಖ್ಯಸ್ಥನಾದ. ಅವಳ ಹೊಟ್ಟೆ ಉರಿದುಹೋಗಿತ್ತು.

ಆದರೆ ಅವಳು ಹೇಳಿದ್ದು ಅರ್ಧ ಮಾತ್ರ.

“ಈ ಹಳದಿ ನಿಂದೇನಾ?” ಹತ್ತಿರ ಬಂದ ಬೋಶಿಯಾಂಗ್ ಪಿಸುಗುಟ್ಟಿದ.

“ಹೌದು. ಏನೀಗ?”

“ಇಷ್ಟು ಕೋಪದಲ್ಲೂ ಚೆನ್ನಾಗೇ ಕಾಣ್ತೀಯಲ್ಲೇ.”

“ಸ್ವಲ್ಪ ಹೊತ್ತು ಇರು. ಇನ್ನೂ ಚೆನ್ನಾಗಿ ಕಾಣ್ತೀನಿ.”

ಅವನು ಪೊಟ್ಟಣಕ್ಕೆ ಕೈ ಹಾಕುವಷ್ಟರಲ್ಲಿ ಕಂಪನಿಯ ನಿರ್ದೇಶಕರು ಗ್ರಾಹಕರನ್ನು ಕರೆತಂದರು.

ಡೇಟಾ ಹರಿಯತೊಡಗಿತು. ಒಂದು ದಾರಿ ಖಾಲಿಯಾಯಿತು. ಎಲ್ಲ ಸ್ವಿಚ್ಚುಗಳೂ ಅದನ್ನೇ ಕಂಡು, ಹೊಸ ಕೌಂಟರ್ ತೆರೆದಾಗ ಜನ ನುಗ್ಗುವಂತೆ ಒಟ್ಟಿಗೇ ನುಗ್ಗಿದವು. ಪರದೆ ಸ್ತಬ್ಧವಾಯಿತು. ಯೂಲಾನಳ ಹೊಟ್ಟೆ ತಣ್ಣಗಾಯಿತು.

ಬೋಶಿಯಾಂಗ್ ಹಳದಿ ಪೊಟ್ಟಣದ ಮೇಲೆ ಗೂಬೆ ಕೂರಿಸಬಹುದಿತ್ತು. ಎಲ್ಲರೂ ನಂಬುತ್ತಿದ್ದರು. ಅವನು ಅದನ್ನು ನೋಡಿದ, ಅವಳನ್ನು ನೋಡಿದ.

“ಇದು ಯೂಲಾನ್ ಕೆಲಸ, ಸಾರ್. ನಾನು ಕದ್ದಿದ್ದು. ಸರಿ ಮಾಡೋಕೆ ನನಗೆ ಬರಲ್ಲ.”

ಅವಳು ಇದನ್ನು ಎಣಿಸಿರಲಿಲ್ಲ. ಎದ್ದು ಹೋಗಿ ಕಂಪ್ಯೂಟರಿನ ಮುಂದೆ ಕೂತಳು.

“ಎಲ್ಲಾ ದಾರಿ ನೋಡಬಾರ್ದು. ಒಂದೊಂದು ಸ್ವಿಚ್ಚೂ ಯಾವ್ದಾದ್ರೂ ಎರಡೇ ದಾರಿ ಆರಿಸ್ಕೊಂಡು, ಅದ್ರಲ್ಲಿ ಖಾಲಿ ಇರೋದನ್ನ ಹಿಡೀಬೇಕು. ಆಗ ಎಲ್ಲಾ ಒಂದೇ ಕಡೆ ನುಗ್ಗಲ್ಲ.”

ಪರದೆಗೆ ಜೀವ ಬಂತು. ನಿರ್ದೇಶಕರು ಅಲ್ಲೇ ಅವಳನ್ನು ಮುಖ್ಯಸ್ಥೆ ಮಾಡಿ, ಅವನ ಗತಿಯನ್ನೂ ಅವಳಿಗೇ ಬಿಟ್ಟು ಹೋದರು.

“ಕೆಲಸ ಹೋದ್ರೆ ಹೋಗ್ಲಿ,” ಎಂದ ಬೋಶಿಯಾಂಗ್, ತಲೆ ತಗ್ಗಿಸಿ. “ನೀನೂ ನನ್ನ ಬಿಟ್ಟು ಹೋಗ್ತೀಯಾ?”

ಅವಳು ಹಳದಿ ಪೊಟ್ಟಣ ಹರಿದು ಅವನ ಕೈಗಿಟ್ಟಳು. “ಒಂದು ಚೂರೂ ಬಿಡದೆ ತಿನ್ನು. ಆಮೇಲೆ ಹೇಳ್ತೀನಿ.”

ಮುಗ್ಗಲು ವಾಸನೆ. ಅವನು ಕಣ್ಣಲ್ಲಿ ನೀರು ತುಂಬಿಕೊಂಡು ಅಗಿದ. ಅವಳು ಕೈಕಟ್ಟಿ ನೋಡುತ್ತ ನಿಂತಳು. ಕೋಪ ಹಾಗೇ ಇತ್ತು. ಹಾಳು ಪ್ರೀತಿಯೂ ಹೋಗಿರಲಿಲ್ಲ. ಕೊನೆಯದೊಂದು ಉಳಿದಾಗ ಅವನ ಬೆರಳಿಂದ ಕಿತ್ತು ತಾನೇ ಬಾಯಿಗೆ ಹಾಕಿಕೊಂಡಳು.

“ಥೂ! ನಾಳೆಯಿಂದ ನನ್ನ ಕೈಕೆಳಗೆ ಕೆಲಸ. ಸೇಡು ಇನ್ನೂ ಮುಗ್ದಿಲ್ಲ, ತಿಳ್ಕೋ.”

“ಎಷ್ಟು ದಿನ ತೀರಿಸ್ಕೋತೀಯಾ?”

“ನೀನು ಮುದುಕ ಆಗೋವರೆಗೂ.”