ಇದ್ದಿಲ ಬಟ್ಟಲು

ಟೇಪು ಹೋಗಿದೆ ಎಂದು ಗೊತ್ತಾದದ್ದು ಮಧ್ಯಾಹ್ನ. ಡಾಕ್ಟರ್ ಅಪೋಂಡಿ ಮೀನು, ಉಗಾಲಿ ಮುದ್ದೆ ಉಂಡು ಶಾಲೆಯ ಕೋಣೆಗೆ ಮರಳಿದಾಗ ಬಾಗಿಲು ಓರೆಯಾಗಿತ್ತು. ಹೆಸರು ಬರೆದು ಸಾಲಾಗಿ ಇಟ್ಟಿದ್ದ ಹನ್ನೊಂದು ಟೇಪುಗಳಲ್ಲಿ ಒಂದರ ಜಾಗ ಖಾಲಿ. ಹದಿನೈದು ದಿನದ ಹಿಂದೆ ತೀರಿಕೊಂಡ ಮುದುಕಿ ಆಧೋಚಳ ದನಿ ಅದರಲ್ಲಿತ್ತು.

ಅಪೋಂಡಿ ಮದ್ದು ಕೊಡುವ ಡಾಕ್ಟರಲ್ಲ. ಬಾಯೊಳಗೆ ದನಿ ಹೇಗೆ ಹುಟ್ಟುತ್ತದೆ ಎಂದು ಹುಡುಕುವವಳು. ಊರಿಗೆ ಮಾತ್ರ ಎಲ್ಲ ಡಾಕ್ಟರೂ ಒಂದೇ.

ಸರೋವರದ ದಡದ ಹೊಲ ತನ್ನ ವಿಧವೆ ಸೊಸೆ ಅವಿಟಿಗೆ ಎಂದು ಆಧೋಚ್ ಆ ಟೇಪಿನಲ್ಲಿ ಹೇಳಿದ್ದಳು. ಡಾಕ್ಟರಮ್ಮ ಹೇಳಿದರೆ ಸಾಲದು, ಸತ್ತವಳ ಬಾಯೇ ಹೇಳಬೇಕು ಎಂದಿದ್ದರು ಹಿರಿಯರು. ಇವತ್ತೇ ಊರ ಮುಂದೆ ಅದನ್ನು ಕೇಳಿಸಬೇಕಿತ್ತು. ಟೇಪಿಲ್ಲದಿದ್ದರೆ ಹೊಲ ಆಧೋಚಳ ಗಂಡನ ಕಡೆಯ ದಾಯಾದಿಗಳಿಗೆ. ಅವರು ಏಳು ಮಂದಿ.

ನಿವೃತ್ತ ಪೇದೆ ಮಾಗಕ್‌ನನ್ನು ಕರೆಸಿದರು. ಅವನು ಬರುವಷ್ಟರಲ್ಲಿ ಜನ ರೇಡಿಯೋ ರಿಪೇರಿಯ ಒಗೋಲಾನ ಕೊರಳಪಟ್ಟಿ ಹಿಡಿದಿದ್ದರು. ಮೊನ್ನೆಯಿಂದ ಟೇಪಿನ ಯಂತ್ರದ ಸುತ್ತ ನೊಣದ ಹಾಗೆ ಸುತ್ತುತ್ತಿದ್ದನಂತೆ.

"ಬಿಡ್ರೋ ಅವನನ್ನ," ಎಂದ ಮಾಗಕ್. "ಯಂತ್ರ ಇಲ್ಲೇ ಕೂತಿದೆ. ಹಸು ಬಿಟ್ಟು ಹಗ್ಗ ಕದಿಯೋಕೆ ಇವನಿಗೇನು ಹುಚ್ಚೇ?"

* * *

ಮಾಗಕ್ ಕೋಣೆಯಲ್ಲಿ ಬಹಳ ಹೊತ್ತು ನಿಂತ. ಮೇಜಿನ ಮೇಲೆ ಬಟ್ಟಲು, ಕುಂಚ, ಚಿಕ್ಕ ಕನ್ನಡಿ. ಬಟ್ಟಲಲ್ಲಿ ಎಣ್ಣೆಗೆ ಕಲಸಿದ ಇದ್ದಿಲ ಪುಡಿ. ಬೆಳಿಗ್ಗೆ ಅವನ ನಾಲಿಗೆಗೂ ಡಾಕ್ಟರಮ್ಮ ಅದನ್ನೇ ಬಳಿದಿದ್ದಳು. ಒಂದು ಮಾತು ಆಡಿಸಿ, ಬಾಯಿಗೆ ಕನ್ನಡಿ ಹಿಡಿದು, ಅಂಗುಳದಲ್ಲಿ ಕಪ್ಪು ಎಲ್ಲಿ ಅಂಟಿತು ಎಂದು ನೋಡಿದ್ದಳು. ನಾಲಿಗೆ ಎಲ್ಲಿ ತಾಗಿತೋ ಕಪ್ಪು ಅಲ್ಲಿ.

ಕುಂಚ ತೊಳೆದು ಒಣಗಿತ್ತು. ಬಟ್ಟಲ ನಡುವೆ ಮಾತ್ರ ಬೆರಳಿನಿಂದ ಬಾಚಿದ ಗೆರೆ.

"ಇದು ನಿನ್ನ ಬೆರಳಾ ತಾಯಿ?"

"ಇಲ್ಲ ಅಜ್ಜ. ನಾನು ಬೆರಳು ಹಾಕೋದೇ ಇಲ್ಲ."

"ಆ ಏಳು ಜನರಲ್ಲಿ ಯಾರಿಗಾದ್ರೂ ಬಳಿದಿದ್ಯಾ?"

"ಒಬ್ಬರೂ ಈ ಹೊಸಿಲು ತುಳಿದಿಲ್ಲ."

ಮಾಗಕ್ ತಲೆಯಾಡಿಸಿದ.

* * *

ಶಾಲೆಯ ಮುಂದಿನ ಮರದ ಕೆಳಗೆ ಆ ಏಳು ದಾಯಾದಿಗಳೂ ಕೂತಿದ್ದರು. ಕೋಣೆಯೊಳಗೆ ಕಾಲಿಟ್ಟಿಲ್ಲ ಎಂದು ಆರು ಮಂದಿ ಆಣೆ ಇಟ್ಟರು. ಆಧೋಚಳ ಮೈದುನ ಒಡೇರಾ ಮೂಗಿನಲ್ಲೇ "ಹ್ಞೂಂ" ಎಂದ. ಬಾಯಿ ತೆರೆದರೆ ಸರೋವರದ ಕಪ್ಪೆಗಳೂ ಸುಮ್ಮನಾಗಬೇಕು, ಅಂಥ ಮಾತುಗಾರ. ಹಲ್ಲುನೋವೇನೋ ಎಂದು ಯಾರೋ ಛೇಡಿಸಿದರು. ಅವನು ಕೆನ್ನೆ ಹಿಡಿದುಕೊಂಡ.

ಅವಿಟಿ ದೂರದಲ್ಲಿ, ನೆಲ ನೋಡುತ್ತ ಕೂತಿದ್ದಳು.

"ಟೇಪು ಹೋಯ್ತು, ಹೋಗ್ಲಿ," ಎಂದ ಮಾಗಕ್. "ಸತ್ತವಳನ್ನ ನೆನೆಯದೆ ಹೊಲದ ಮಾತು ಎತ್ತಬಾರದು. ಒಬ್ಬೊಬ್ಬರೇ ಅವಳ ಹೆಸರು ಕೂಗಿ. ಗಟ್ಟಿಯಾಗಿ."

ಆ ಹೆಸರಿನ ನಡುವಿನ ಅಕ್ಷರಕ್ಕೆ ಈ ಊರಿನ ಲುವೋ ಜನರ ನಾಲಿಗೆ ಹಲ್ಲಿನ ಸಾಲು ದಾಟಿ ಹೊರಗೆ ಬರಬೇಕು. ಹಳಬರಿಗೆಲ್ಲ ಪದ್ಧತಿಯಂತೆ ಕೆಳಗಿನ ಆರು ಹಲ್ಲು ಚಿಕ್ಕಂದಿನಲ್ಲೇ ಕಿತ್ತಿರುತ್ತಾರೆ. ನಾಲಿಗೆ ಬಚ್ಚಿಡಲು ಗೋಡೆಯೇ ಇಲ್ಲ. ಆರು ಮಂದಿ ಕೂಗಿದರು. ಆರು ಕೆಂಪು ನಾಲಿಗೆ.

ಒಡೇರಾ ಕೆನ್ನೆ ಹಿಡಿದೇ ಕೂತ.

"ಅತ್ತಿಗೆ ಹೆಸರೋ. ಕರೆಯೋದಿಲ್ಲ ಅಂದ್ರೆ ಅವಳು ಸುಮ್ನೆ ಬಿಡ್ತಾಳಾ?" ಎಂದ ಮಾಗಕ್.

ಒಡೇರಾ ಕೈ ಇಳಿಸಿದ. "ಆಧೋಚ್," ಎಂದ, ಮೆಲ್ಲಗೆ. ನಾಲಿಗೆ ಹೊರಬಂತು. ಹಂಚಿನ ತಳದಷ್ಟು ಕಪ್ಪು.

* * *

ಮಾಗಕ್ ದನಿ ಏರಿಸದೆ ಬಿಡಿಸಿ ಹೇಳಿದ. ಬೆಳಿಗ್ಗೆ ಬಳಿಸಿಕೊಂಡವರೆಲ್ಲ ಆಗಲೇ ಬಾಯಿ ಮುಕ್ಕಳಿಸಿದ್ದರು. ಒಗೋಲಾನೂ ಮೊನ್ನೆ ಬಳಿಸಿಕೊಂಡಿದ್ದ, ಅದು ಬರೀ ಇದ್ದಿಲು ಎಂದು ಬಲ್ಲ, ಬೆರಳು ಹಾಕುವವನಲ್ಲ. ಹಾಕಿದವನು ಕಿಟಕಿಯಿಂದ ಇಣುಕಿ ನೋಡಿದವನು. ಗಿಡಮೂಲಿಕೆ ಸುಟ್ಟು ಕರಿಪುಡಿ ನೆಕ್ಕುವುದು ಊರಿನ ಪದ್ಧತಿ. ಡಾಕ್ಟರು ನಾಲಿಗೆಗೆ ಹಚ್ಚುವುದು ಕಂಡು, ಸತ್ತವರ ದನಿ ಮುಟ್ಟಿದರೂ ಶಾಪ ತಟ್ಟದ ಮದ್ದು ಎಂದುಕೊಂಡ.

"ಮದ್ದು ಅಂತ ನಂಬಿದವನು ಬಾಯಿ ತೊಳೆಯಲ್ಲ," ಎಂದ. "ಕೆಲಸ ಮುಗಿಯೋ ತನಕ ತೊಳೆಯಲ್ಲ. ಟೇಪು ಎಲ್ಲಿದೆಯೋ?"

"ದೋಣೀಲಿ. ಬಲೆ ಬುಟ್ಟೀಲಿ." ಒಡೇರಾ ತಲೆ ತಗ್ಗಿಸಿದ. "ನೀರಿಗೆ ಎಸೀಬೇಕು ಅಂತ ಹೋದೆ. ಅವಳ ದನಿ... ಕೈ ಬರ್ಲಿಲ್ಲ."

ಒಗೋಲಾ ಓಡಿಹೋಗಿ ಟೇಪು ತಂದ. ತಾನೇ ಒರೆಸಿ ಯಂತ್ರಕ್ಕೆ ಹಾಕಿದ. ಮಾಗಕ್ ನೀರಿನ ಸೋರೆಬುರುಡೆ ಒಡೇರಾನ ಕಡೆ ಚಾಚಿದ.

"ಬಾಯಿ ತೊಳ್ಕೋ. ಅತ್ತಿಗೆ ಮಾತಾಡ್ತಾಳೆ."

ಯಂತ್ರದಿಂದ ಮೊದಲು ಕೆಮ್ಮು. ಆಮೇಲೆ ಡಾಕ್ಟರಮ್ಮನಿಗಾಗಿ ಒಂದೇ ಮಾತು ಮೂರು ಸಲ. ಸ್ವಲ್ಪ ಹೊತ್ತು ಬರೀ ಉಸಿರು. ಆಮೇಲೆ, ಅಂಗಳದಿಂದ ಕೂಗುವ ಹಾಗೆ, "ಅವಿಟಿ."

"ಹ್ಞಾಂ ಅತ್ತೆ," ಎಂದು ಅವಿಟಿ ಎದ್ದು ನಿಂತಳು.